ಬೂಟ್‌ಗೂ ಬೀಗ, ಪಾಸ್‌ವರ್ಡ್ ಒಂದೇ ಸಲ: ನನ್ನ ಅನುಭವ

"ಬೂಟ್ ಪಾರ್ಟಿಷನ್ ಎನ್‌ಕ್ರಿಪ್ಟ್ ಮಾಡೋಕೆ ಹೋಗಬೇಡ, ಗ್ರಬ್ ಕೈಕೊಡುತ್ತೆ" ಅಂತ ಗೊತ್ತಿದ್ದವರೆಲ್ಲ ಹೇಳಿದ್ದರು. ಬೂಟ್ ಅಂದರೆ ಲಿನಕ್ಸ್ ಶುರುವಾಗಲು ಬೇಕಾದ ಫೈಲ್‌ಗಳಿರುವ ಡಿಸ್ಕ್ ಭಾಗ, ಗ್ರಬ್ ಅಂದರೆ ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಗ್ರಬ್ ಇರುವ ಇಎಫ್‌ಐ ಪಾರ್ಟಿಷನ್ ಒಂದನ್ನು ಬಿಟ್ಟು ಎಲ್ಲಕ್ಕೂ ಬೀಗ ಬಿದ್ದಿದೆ. ಪಾಸ್‌ವರ್ಡ್ ಕೇಳುವುದು ಒಂದೇ ಸಲ. ಎಷ್ಟೋ ಕರ್ನಲ್ (ಲಿನಕ್ಸಿನ ತಿರುಳು) ಅಪ್‌ಡೇಟ್ ಬಂದು ಹೋದವು, ಏನೂ ಆಗಿಲ್ಲ.

ಮೊದಲ ಏಟು ಬಿದ್ದಿದ್ದು ಲಕ್ಸ್2ರಿಂದ, ಅಂದರೆ ಲಿನಕ್ಸಿನ ಡಿಸ್ಕ್ ಬೀಗದ ಹೊಸ ಮಾದರಿಯಿಂದ. ಈ ಬೀಗ ಹಾಕುವ ಪ್ರೋಗ್ರಾಂ ಕ್ರಿಪ್ಟ್‌ಸೆಟಪ್‌ನಲ್ಲಿ 2019ರ 2.1ರಿಂದ ಅದೇ ಡೀಫಾಲ್ಟ್, ಕೀ ಸ್ಲಾಟ್‌ಗೆ (ಒಂದೊಂದು ಪಾಸ್‌ವರ್ಡಿಗೂ ಇರುವ ಗೂಡು) ಆರ್ಗಾನ್2 ಹಾಕುತ್ತದೆ, ಅಂದರೆ ಪಾಸ್‌ವರ್ಡನ್ನು ಕೀ ಮಾಡುವ ಒಂದು ವಿಧಾನ. ಗ್ರಬ್ 2.06ಕ್ಕೆ ಲಕ್ಸ್2 ಓದಲು ಬಂತು, ಆದರೆ ಅದೇ ಕೆಲಸದ ಹಳೇ ವಿಧಾನ ಪಿಬಿಕೆಡಿಎಫ್2 ಇದ್ದರೆ ಮಾತ್ರ. 2.12ರಲ್ಲೂ ಅದೇ ಕಥೆ. ಆರ್ಗಾನ್2 ಇದ್ದರೆ ಗ್ರಬ್ ಕಾರಣ ಹೇಳದೆ ಪಾಸ್‌ವರ್ಡೇ ತಪ್ಪು ಅನ್ನುತ್ತದೆ. ಸರಿಯಾದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಒತ್ತುತ್ತಾ ರಾತ್ರಿ ಕಳೆದವರಿಗೆ ಈ ಕೋಪ ಗೊತ್ತು.

ಇಡೀ ಡಿಸ್ಕ್‌ಗೆ ಪಿಬಿಕೆಡಿಎಫ್2 ಇರುವ ಲಕ್ಸ್2 ಹಾಕಿಯೂ ನೋಡಿದೆ. ಗ್ರಬ್ ಇಮೇಜನ್ನು (ಕಂಪ್ಯೂಟರ್ ಮೊದಲು ಓಡಿಸುವ ಗ್ರಬ್ ಫೈಲ್) ಕೈಯಾರೆ ಕಟ್ಟಿ, ಲಕ್ಸ್2 ಮಾಡ್ಯೂಲ್ ಸೇರಿಸಿದ ಮೇಲೆ ಬೂಟ್ ಆಯಿತು. ಮುಂದಿನ ಗ್ರಬ್ ಅಪ್‌ಡೇಟ್ ಆ ಇಮೇಜನ್ನು ಅಳಿಸಿ ತನ್ನದನ್ನು ಕೂರಿಸಿತು. ಅಲ್ಲಿಗೆ ಆ ದಾರಿ ಬಿಟ್ಟೆ.

ಕೊನೆಗೆ ಗೆದ್ದಿದ್ದು ಎರಡು ಪಾಲು ಮಾಡಿದ ಮೇಲೆ. ಬೂಟ್‌ಗೆ ಒಂದು ಜಿಬಿ, ಅದಕ್ಕೆ ಹಳೇ ಲಕ್ಸ್1. ರೂಟ್‌ಗೆ (ಉಳಿದ ಸಿಸ್ಟಂ ಇರುವ ಪಾಲು) ಆರ್ಗಾನ್2 ಸಮೇತ ಲಕ್ಸ್2. ರೂಟ್ ತೆರೆಯುವ ಕೀ ಫೈಲ್ ಇನಿಟ್‌ರಾಮ್‌ಎಫ್‌ಎಸ್ (ಲಿನಕ್ಸ್ ಶುರುವಾಗುವಾಗ ಮೊದಲು ಲೋಡ್ ಆಗುವ ಫೈಲ್ ಗಂಟು) ಒಳಗೆ, ಅದು ಬೀಗ ಹಾಕಿದ ಬೂಟ್ ಒಳಗೆ. ಹಾಗಾಗಿ ರೂಟ್‌ಗೆ ಮತ್ತೆ ಪಾಸ್‌ವರ್ಡ್ ಬೇಡ. ಯುಮಾಸ್ಕ್ (ಹೊಸ ಫೈಲನ್ನು ಯಾರು ಓದಬಹುದು ಅನ್ನುವ ಸೆಟ್ಟಿಂಗ್) 0077 ಇಡದಿದ್ದರೆ ಆ ಇನಿಟ್‌ರಾಮ್‌ಎಫ್‌ಎಸ್ ಇಮೇಜನ್ನು ಯಾವ ಯೂಸರ್ ಬೇಕಾದರೂ ಓದಬಹುದು, ಆಗ ಮಾಡಿದ್ದೆಲ್ಲ ನೀರುಪಾಲು. ಕೀ ಫೈಲನ್ನು ಅಪ್‌ಡೇಟ್ ಆದಾಗ ತಾನಾಗಿ ಸೇರಿಸುವ ನನ್ನ ಹುಕ್ (ಸಣ್ಣ ಸ್ಕ್ರಿಪ್ಟ್) ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆಮೇಲಿನ ಕಾಟ ನಿಧಾನ. ಲಿನಕ್ಸ್ ಒಳಗೆ ಎರಡು ಸೆಕೆಂಡಿನಲ್ಲಿ ತೆರೆಯುವ ಸ್ಲಾಟ್‌ಗೆ ಗ್ರಬ್ ಹತ್ತಿರ ಹತ್ತಿರ ಅರ್ಧ ನಿಮಿಷ ತಗೊಳ್ತಿತ್ತು. ಇಟರೇಷನ್ ಟೈಮನ್ನು (ಪಾಸ್‌ವರ್ಡನ್ನು ಕೀ ಮಾಡಲು ಹಿಡಿಯಬೇಕಾದ ಹೊತ್ತು) 500 ಮಿಲಿಸೆಕೆಂಡಿಗೆ ಇಳಿಸಿದೆ, ಏಳೆಂಟು ಸೆಕೆಂಡಿಗೆ ಬಂತು. ಅದಕ್ಕೆ ಬದಲಾಗಿ ಪಾಸ್‌ವರ್ಡ್ ಉದ್ದ ಮಾಡಿದೆ. ಗ್ರಬ್ ಸ್ಲಾಟ್‌ಗಳನ್ನು ಸಾಲಾಗಿ ನೋಡುತ್ತದೆ, ಹಾಗಾಗಿ ನಿಮ್ಮ ಪಾಸ್‌ವರ್ಡ್ ಸ್ಲಾಟ್ 0ಯಲ್ಲೇ ಇರಬೇಕು. ಬೇರೆ ಕಡೆ ಇದ್ದರೆ ಅದಕ್ಕೂ ಮೊದಲು ಬರುವ, ಬಳಕೆಯಲ್ಲಿರುವ ಪ್ರತಿ ಸ್ಲಾಟ್‌ಗೂ ಅಷ್ಟಷ್ಟು ಹೊತ್ತು ಕಾಯಬೇಕು.

ಅಮೆರಿಕನ್ ಕೀಬೋರ್ಡ್ ಲೇಔಟ್ ಬಿಟ್ಟು ಬೇರೆ ಬಳಸುವವರು ಚಿಹ್ನೆಗಳ ಬಗ್ಗೆ ಹುಷಾರು. ಆ ಹೊತ್ತಿಗೆ ಗ್ರಬ್‌ಗೆ ನಿಮ್ಮ ಲೇಔಟ್ ಗೊತ್ತಿರಲ್ಲ. ಪಾಸ್‌ವರ್ಡ್ ತಪ್ಪಿ ಗ್ರಬ್‌ನ ರೆಸ್ಕ್ಯೂ ಪ್ರಾಂಪ್ಟ್‌ಗೆ (ಕಮಾಂಡ್ ಒತ್ತುವ ಪರದೆ) ಬಿದ್ದರೆ ರೀಬೂಟ್ ಬೇಕಿಲ್ಲ, 'ಕ್ರಿಪ್ಟೋಮೌಂಟ್ -ಎ' (cryptomount -a), 'ಇನ್ಸ್‌ಮಾಡ್ ನಾರ್ಮಲ್' (insmod normal), 'ನಾರ್ಮಲ್' (normal) ಅನ್ನುವ ಕಮಾಂಡ್‌ಗಳನ್ನು ಸಾಲಾಗಿ ಒತ್ತಿದರೆ ಸಾಕು.

ಇದಕ್ಕೆಲ್ಲ ಬೇರೆ ಎಸ್‌ಎಸ್‌ಡಿ ಕೊಂಡಿದ್ದೆ. ದುಡ್ಡು ದಂಡ ಅಂದವರಿದ್ದಾರೆ. ಆದರೆ ಬ್ಯಾಕಪ್ ಇಲ್ಲದೆ ಲಕ್ಸ್ ಹೆಡರ್ (ಕೀ ಸ್ಲಾಟ್‌ಗಳಿರುವ ಮೊದಲ ಭಾಗ) ಹಾಳಾದರೆ ರಿಕವರಿಯವರಿಗೆ ಎಷ್ಟು ಸುರಿದರೂ ಡೇಟಾ ಬರಲ್ಲ, ಅಲ್ವಾ? ಎರಡೂ ಹೆಡರ್‌ಗಳ ಬ್ಯಾಕಪ್ ತೆಗೆದು ಬೇರೆ ಪೆನ್‌ಡ್ರೈವ್‌ಗೆ ಹಾಕಿದ ಮೇಲೆಯೇ ನಾನು ಕೆಲಸದ ಡಿಸ್ಕ್ ಮುಟ್ಟಿದ್ದು.