ಬೋರ್ ನೀರಿಗೆ ಮೊದಲು ಸೋಡಾ, ಆಮೇಲೆ ಸೋಪು

ಚಿತ್ರದುರ್ಗದಲ್ಲಿ ಬೋರ್ ನೀರಿಗೆ ತೊಗರಿಬೇಳೆ ಹಾಕಿದವರಿಗೆ ಗೊತ್ತು. ಕುಕ್ಕರ್ ಎಷ್ಟು ಸಲ ಕೂಗಿದರೂ ಬೇಳೆ ಬೇಳೆಯಾಗಿಯೇ ಕೂತಿರುತ್ತದೆ. ಅದೇ ನೀರಿನಲ್ಲಿ ಬಟ್ಟೆ ಒಗೆದರೆ ಸೋಪು ನೊರೆ ಬರುವುದಿಲ್ಲ, ಬದಲಿಗೆ ಮೊಸರು ಒಡೆದ ಹಾಗೆ ಬಿಳಿ ಬಿಳಿ ಕೆನೆ ಕಟ್ಟುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶವೇ ಇದಕ್ಕೆ ಕಾರಣ. ನೀವು ಉಜ್ಜುವ ಸೋಪಿನಲ್ಲಿ ಒಂದಿಷ್ಟು ಮೊದಲು ಆ ಸುಣ್ಣದ ಬಾಯಿಗೆ ಹೋಗುತ್ತದೆ, ಉಳಿದದ್ದು ಮಾತ್ರ ಕೊಳೆಗೆ. ನಲ್ಲಿಯಲ್ಲಿ ಶಾಂತಿಸಾಗರ ಕೆರೆಯ ನೀರು ಬಂದ ದಿನ ಅದೇ ಸೋಪು ಎಷ್ಟು ಚೆನ್ನಾಗಿ ನೊರೆ ಬರುತ್ತದೆ ನೋಡಿ.

ನಂಬಿಕೆ ಬರದಿದ್ದರೆ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಬೋರ್ ನೀರು. ಎರಡಕ್ಕೂ ಬಾರ್ ಸೋಪಿನ ಒಂದೊಂದು ಚೂರು ಹಾಕಿ ಚೆನ್ನಾಗಿ ಕುಲುಕಿ. ಆಮೇಲೆ ನಾನು ಹೇಳುವುದೇ ಬೇಡ.

ಹೋದ ತಿಂಗಳು ನನ್ನ ಸೊಸೆ ಮೊಬೈಲ್ ನೋಡಿಕೊಂಡು ಮನೆಯಲ್ಲೇ ಬಟ್ಟೆ ಪುಡಿ ಮಾಡಲು ಹೊರಟಳು. "ಅತ್ತೆ, ಅಡಿಗೆ ಸೋಡಾ, ವಿನಿಗರ್, ಸೋಪು ಮೂರೂ ಒಟ್ಟಿಗೆ ಕಲಸಬೇಕಂತೆ" ಅಂದಳು. ಬುಸ್ಸೆಂದು ಉಕ್ಕುತ್ತದೆ, ನೋಡೋಕೆ ಚೆಂದ, ಅಷ್ಟೇ ಕಣಮ್ಮ ಅಂದೆ. ಹುಳಿ, ಸೋಡಾ ಎರಡೂ ಸೇರಿದರೆ ಎರಡರ ಕಸುವೂ ಹೋಗುತ್ತದೆ. ಸೋಪಿಗೆ ಹುಳಿ ಬಿದ್ದರೆ ಸೋಪು ಒಡೆದು ಜಿಡ್ಡು ಮೇಲೆ ತೇಲುತ್ತದೆ. ಆ ಜಿಡ್ಡು ಮತ್ತೆ ಬಟ್ಟೆಗೇ ಅಲ್ವಾ?

ನಮಗೆ ಬೇಕಾದದ್ದು ಅಡಿಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ. ದಿನಸಿ ಅಂಗಡಿಯಲ್ಲಿ ಬಟ್ಟೆ ಸೋಡಾ ಅಂದರೂ ಕೊಡುತ್ತಾರೆ. ದೊಡ್ಡ ಬಕೆಟ್ ಬೋರ್ ನೀರಿಗೆ ಊಟದ ಚಮಚದಲ್ಲಿ ಒಂದು ಚಮಚ ಹಾಕಿ ಕದಡಿ. ನೀರು ಸ್ವಲ್ಪ ಮಬ್ಬಾದರೆ ಹೆದರಬೇಡಿ, ಸುಣ್ಣ ಬೇರೆಯಾಗುತ್ತಿದೆ ಅಂತ ತಿಳಿಯಿರಿ. ಹತ್ತು ನಿಮಿಷ ಬಿಟ್ಟು ಸೋಪಿನ ಪುಡಿ ಹಾಕಿ. ಏನೂ ಕಲಸದೆ, ಏನೂ ತುರಿಯದೆ, ಇಷ್ಟೇ ಮಾಡಿದರೂ ಸೋಪಿನ ಖರ್ಚು ಇಳಿಯುತ್ತದೆ. ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಕೆ.ಜಿ. ಪುಡಿ ಬೇಕಿತ್ತು, ಈಗ ಒಂದು ಕೆ.ಜಿ. ದಾಟುವುದಿಲ್ಲ.

ಪುಡಿಯನ್ನೂ ಮನೆಯಲ್ಲೇ ಮಾಡಬೇಕು ಅನ್ನುವವರಿಗೆ ಅಳತೆ ಹೇಳುತ್ತೇನೆ. 250 ಗ್ರಾಂ ಬಾರ್ ಸೋಪಿಗೆ 500 ಗ್ರಾಂ ವಾಷಿಂಗ್ ಸೋಡಾ. ಸೋಪು ಎಣ್ಣೆಯಿಂದ ಮಾಡಿದ್ದಾಗಿರಬೇಕು. ಕವರಿನ ಮೇಲೆ ಡಿಟರ್ಜೆಂಟ್ ಕೇಕ್ ಅಂತ ಇದ್ದರೆ ಅದು ಇದಕ್ಕೆ ಬೇಡ. ಸೋಪನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಿ. ಹಸಿ ಸೋಪು ತುರಿದರೆ ಮುದ್ದೆಯಾಗುತ್ತದೆ. ಒಣಗಿದ ಮೇಲೆ ತುರಿದು ಸೋಡಾ ಜೊತೆ ಕಲಸಿ. ತುರಿಮಣೆ ಬೇರೆಯೇ ಇಟ್ಟುಕೊಳ್ಳಿ, ಕೊಬ್ಬರಿ ತುರಿಯುವುದನ್ನು ಮುಟ್ಟಬೇಡಿ. ಮಿಕ್ಸಿಗೆ ಹಾಕುವವರು ತಿರುವಿದ ತಕ್ಷಣ ಮುಚ್ಚಳ ತೆಗೆಯಬೇಡಿ, ಸೋಡಾ ದೂಳು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಈ ಪುಡಿ ತಣ್ಣೀರಿನಲ್ಲಿ ಬೇಗ ಕರಗದು. ಒಂದು ಚೊಂಬು ಬಿಸಿ ನೀರಿನಲ್ಲಿ ಎರಡು ಚಮಚ ಕದಡಿ ಆಮೇಲೆ ಬಕೆಟ್‌ಗೆ ಸುರಿಯಿರಿ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಸೋಡಾ ಅದನ್ನು ತಿಂದು ಕಪ್ಪು ಮಾಡುತ್ತದೆ. ಸ್ಟೀಲು ಇಲ್ಲವೇ ಪ್ಲಾಸ್ಟಿಕ್ ಆಗಲಿ. ಕೈ ಒಡೆಯುವವರು ಗ್ಲೌಸ್ ಹಾಕಿಕೊಳ್ಳಿ.

ವಾಷಿಂಗ್ ಮಷಿನ್ ಇರುವವರು ಈ ಪುಡಿ ಹಾಕಬೇಡಿ. ಸೋಪಿನ ಕೆನೆ ಡ್ರಮ್ಮಿಗೂ ಪೈಪಿಗೂ ಅಂಟಿಕೊಂಡು ಕೊನೆಗೆ ವಾಸನೆ ಬರುತ್ತದೆ. ಅಂಗಡಿ ಪುಡಿಯನ್ನೇ ಹಾಕಿ, ಜೊತೆಗೆ ಒಂದು ಚಮಚ ಸೋಡಾ ಹಾಕಿ ಪುಡಿ ಕಡಿಮೆ ಮಾಡುತ್ತಾ ಬನ್ನಿ. ಎಷ್ಟಕ್ಕೆ ನಿಲ್ಲಿಸಬೇಕು ಅಂತ ಬಟ್ಟೆಯೇ ಹೇಳುತ್ತದೆ.

ಅರಿಶಿನದ ಕಲೆ ಇರುವ ಬಟ್ಟೆ ಸೋಡಾ ನೀರಿಗೆ ಬಿದ್ದರೆ ಕಲೆ ಕೆಂಪಾಗುತ್ತದೆ. ಸೊಸೆ ಕಿರುಚಿಯೇ ಬಿಟ್ಟಳು. ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುವುದಿಲ್ವಾ, ಇದೂ ಅದೇ. ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಆಮೇಲೆ ಒಳ್ಳೆ ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ನಮ್ಮೂರಲ್ಲಿ ಬಿಸಿಲಿಗೇನು ಬರವೇ.

ಇನ್ನು ರೇಷ್ಮೆ. ಇಲ್ಲಿ ನನ್ನದೇ ತಪ್ಪು ಹೇಳಿಕೊಳ್ಳಬೇಕು. ಮದುವೆಯಾದ ಹೊಸತರಲ್ಲಿ ನಮ್ಮತ್ತೆಯ ಮೊಳಕಾಲ್ಮೂರು ಸೀರೆಯನ್ನು ಹತ್ತಿ ಬಟ್ಟೆ ಜೊತೆ ಸೋಡಾ ನೀರಿಗೆ ಅದ್ದಿದೆ. ಹೊಳಪು ಹೋಗಿ ಸೀರೆ ಒಣಗಿದ ಎಲೆ ಹಾಗಾಯಿತು. ಅತ್ತೆ ಬೈಯಲಿಲ್ಲ, ಒಂದು ವಾರ ಮಾತು ಬಿಟ್ಟರು. ರೇಷ್ಮೆ, ಉಣ್ಣೆ ಎರಡೂ ಪ್ರಾಣಿಯಿಂದ ಬಂದದ್ದು, ನಮ್ಮ ಕೂದಲಿನ ಜಾತಿ. ಸೋಡಾ ಅವನ್ನು ಕೆಡಿಸುತ್ತದೆ. ಚಳ್ಳಕೆರೆ ಕಂಬಳಿಗೂ ಇದೇ ಮಾತು.

ಅವಕ್ಕೆ ಅಂಟುವಾಳಕಾಯಿ. ಹತ್ತು ಹನ್ನೆರಡು ಕಾಯಿಯ ಬೀಜ ತೆಗೆದು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ ಸೋಸಿ. ಆ ನೀರನ್ನು ತಣ್ಣೀರಿಗೆ ಬೆರೆಸಿ ಸೀರೆಯನ್ನು ಮೆಲ್ಲಗೆ ಅದ್ದಿ ತೆಗೆಯಿರಿ. ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಜರಿ ಸೀರೆಯಾದರೆ ಮೊದಲು ಸೆರಗಿನ ಮೂಲೆ ಅದ್ದಿ ಬಣ್ಣ ಬಿಡುತ್ತದಾ ನೋಡಿ. ನೊರೆ ಜಾಸ್ತಿ ಬರಲಿಲ್ಲ ಅಂತ ಇನ್ನಷ್ಟು ಸುರಿಯಬೇಡಿ, ನೊರೆ ಬಂದಷ್ಟು ಕೊಳೆ ಹೋಗುತ್ತದೆ ಅನ್ನುವುದು ಸುಮ್ನೆ. ಕಣ್ಣಿಗೆ ಸಿಡಿದರೆ ಮಾತ್ರ ಉರಿ ಉರಿ. ಈ ನೀರು ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಒಂದು ಸಲಕ್ಕೆ ಆಗುವಷ್ಟೇ ಮಾಡಿ.

ಸೋಡಾ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು, ಅಡಿಗೆಮನೆ ಬಿಟ್ಟು ಬಚ್ಚಲಿನ ಮೇಲಿನ ಗೂಡಿನಲ್ಲಿಡಿ. ನೋಡೋಕೆ ಪುಡಿ ಉಪ್ಪಿನ ಹಾಗೇ ಇರುತ್ತದೆ, ಮೊಮ್ಮಕ್ಕಳ ಕೈಗೆ ಸಿಗಬಾರದು.