ಭಾರತ ‘ಗೈರು’ ಅಂದರೆ ನಿಜಕ್ಕೂ ಗೈರೇ?

ಇಸ್ರೇಲ್ ಬಗೆಗಿನ ನಿರ್ಣಯಕ್ಕೆ ವಿಶ್ವಸಂಸ್ಥೆಯಲ್ಲಿ ಮತದಾನವಾದಾಗ ಹಲವು ಸಲ ನಮ್ಮ ಪತ್ರಿಕೆಗಳಲ್ಲಿ ‘ಭಾರತ ಗೈರು’ ಎಂಬ ಶೀರ್ಷಿಕೆ ಕಾಣುತ್ತದೆ. ನಾನು ಮೊದಲು ಪರೀಕ್ಷಿಸುವುದೇ ಆ ಪದವನ್ನು. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ನಿರ್ಣಯದ ಸಂಖ್ಯೆ ಹಾಕಿದರೆ ಮತಪಟ್ಟಿ ಸಿಗುತ್ತದೆ. ದೇಶದ ಹೆಸರಿನ ಪಕ್ಕ ‘ವೈ’ ಇದ್ದರೆ ಪರ, ‘ಎನ್’ ವಿರೋಧ, ‘ಎ’ ತಟಸ್ಥ. ಏನೂ ಇಲ್ಲದಿದ್ದರೆ ಮಾತ್ರ ಮತ ಹಾಕಿಲ್ಲ ಎಂದರ್ಥ. ಇಂಥ ಶೀರ್ಷಿಕೆ ಬಂದಾಗ ಭಾರತದ್ದು ಸಾಮಾನ್ಯವಾಗಿ ‘ಎ’, ಅಂದರೆ ಗೈರಲ್ಲ, ತಟಸ್ಥ.

ಆಮೇಲೆ ತಿದ್ದುಪಡಿಗಳು. ಹೆಚ್ಚಿನವರು ಎಡವುವುದು ಇಲ್ಲೇ. 2023ರ ಅಕ್ಟೋಬರ್ 27ರಂದು ಗಾಜಾ ನಿರ್ಣಯಕ್ಕೆ ತಟಸ್ಥವಾಗಿದ್ದ ಭಾರತ, ಹಮಾಸ್ ಹೆಸರೆತ್ತಿ ಖಂಡಿಸುವ ಕೆನಡಾದ ತಿದ್ದುಪಡಿಗೆ ಪರ ಮತ ಹಾಕಿತ್ತು. 88 ಪರ, 55 ವಿರೋಧ, 23 ತಟಸ್ಥ. ಅದಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕಿತ್ತು, ಆ ಲೆಕ್ಕಕ್ಕೆ ತಟಸ್ಥ ಮತ ಬರುವುದಿಲ್ಲ. 143ರಲ್ಲಿ 96 ಬೇಕಿತ್ತು, ಬಿದ್ದುಹೋಯಿತು. ಬಿದ್ದ ತಿದ್ದುಪಡಿಗೆ ನಿರ್ಣಯ ಸಂಖ್ಯೆಯೇ ಇರುವುದಿಲ್ಲ, ಹಾಗಾಗಿ ಅಧಿವೇಶನದ ಪದಶಃ ದಾಖಲೆಯಲ್ಲೇ ಹುಡುಕಬೇಕು. ಅಂದು ಸಭೆಯ ಮತಫಲಕದಲ್ಲಿ ಕಂಡ ಅಂಕಿಯನ್ನೂ ನಂಬಿ ಕೂರಬಾರದು: ಮೂಲ ನಿರ್ಣಯದ 120-14-45, ಇರಾಕ್ ತನ್ನ ಮತ ಸರಿಪಡಿಸಿದ ಮೇಲೆ 121-14-44 ಆಯಿತು.

ನಂತರ ನಿರ್ಣಯಗಳ ಕಾರ್ಯಕಾರಿ ಪ್ಯಾರಾಗಳನ್ನು, ಅಂದರೆ ಏನು ಮಾಡಬೇಕೆಂದು ಹೇಳುವ ಭಾಗವನ್ನು, ಅಕ್ಕಪಕ್ಕ ಇಟ್ಟು ಓದುತ್ತೇನೆ. 2024ರ ಸೆಪ್ಟೆಂಬರ್ 18ರ ನಿರ್ಣಯ ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶದಿಂದ ಇಸ್ರೇಲ್ ಹೊರನಡೆಯಲು 12 ತಿಂಗಳ ಗಡುವು ಕೊಟ್ಟಿತು, ಇಸ್ರೇಲ್‌ಗೆ ಶಸ್ತ್ರ ಪೂರೈಕೆ ನಿಲ್ಲಿಸುವ ಮಾತನ್ನೂ ಆಡಿತು, ಭಾರತ ತಟಸ್ಥ. 2025ರ ಸೆಪ್ಟೆಂಬರ್ 12ರದ್ದು ಎರಡು ರಾಷ್ಟ್ರಗಳ ಪರಿಹಾರದ ನ್ಯೂಯಾರ್ಕ್ ಘೋಷಣೆಯನ್ನು ಅನುಮೋದಿಸಿದ ನಿರ್ಣಯ, ಭಾರತ ಪರ. ಇವೆರಡನ್ನೂ ಪಠ್ಯದಿಂದಲೇ ಅರ್ಥಮಾಡಿಕೊಳ್ಳಬಹುದು. ಆದರೆ 2023ರ ಡಿಸೆಂಬರ್ 12ರಂದು ಕದನವಿರಾಮಕ್ಕೆ ಪರವಿದ್ದು, 2025ರ ಜೂನ್ 12ರಂದು ಕದನವಿರಾಮಕ್ಕೇ ತಟಸ್ಥವಾದದ್ದು ನನ್ನ ಮಟ್ಟಿಗೆ ಬರೀ ಪಠ್ಯದಿಂದ ಬಿಡಿಸಲಾಗದ ಒಗಟು.

ಕೊನೆಗೆ, ಪಟ್ಟಿ ಯಾವ ವರ್ಷದಿಂದ ಶುರು ಎಂಬುದು. 1992ರಿಂದ ಹಿಡಿದರೆ ಭಾರತ ಇಸ್ರೇಲ್ ಕಡೆಗೆ ಮೆಲ್ಲಗೆ ವಾಲಿದಂತೆ ಕಾಣುತ್ತದೆ. ನಾನು 1947ರ ಪ್ಯಾಲೆಸ್ಟೀನ್ ವಿಭಜನೆಯ ಮತದಿಂದಲೇ ಆರಂಭಿಸುತ್ತೇನೆ: ಅಲ್ಲಿ ವಿರೋಧ, 1949ರಲ್ಲಿ ಇಸ್ರೇಲ್‌ನ ಸದಸ್ಯತ್ವಕ್ಕೂ ವಿರೋಧ, ಮರುವರ್ಷವೇ ಮಾನ್ಯತೆ. ಜಿಯೋನಿಸಂ (ಯಹೂದಿ ರಾಷ್ಟ್ರವಾದ) ಎಂದರೆ ವರ್ಣಭೇದ ಎಂದ 1975ರ ನಿರ್ಣಯಕ್ಕೆ ಪರ; 1991ರ ಡಿಸೆಂಬರ್ 16ರಂದು ಅದನ್ನು ರದ್ದು ಮಾಡುವುದಕ್ಕೂ ಪರ. ಇಸ್ರೇಲ್ ಜತೆ ಪೂರ್ಣ ರಾಜತಾಂತ್ರಿಕ ಸಂಬಂಧ ಘೋಷಣೆಯಾದದ್ದು ಅದಾಗಿ 44 ದಿನಕ್ಕೆ, 1992ರಲ್ಲಿ.