ನೀರು ಹಾರಿಸಲು ಹೋಗಿ ಜಲ್ಲಿ ಹಾರಿಸಿದೆ

ಕಂಬಳಕ್ಕೆ ಕ್ಯಾಮೆರಾ ಹಿಡಿದು ಹೋದ ಮೊದಲ ವರ್ಷ ನನ್ನ ಹತ್ತಿರ ಫಿಲ್ಟರ್ ಅಂತ ಇದ್ದದ್ದು ಒಂದೇ. ಲೆನ್ಸ್ ಕೊಂಡಾಗ ಅಂಗಡಿಯವರು ಸೇರಿಸಿ ಕೊಟ್ಟ ಯುವಿ ಫಿಲ್ಟರ್. ಕೆಸರು ಲೆನ್ಸಿಗೆ ಬಡಿಯದಂತೆ ಅದು ತಡೆಯಿತು. ಡಿಜಿಟಲ್ ಕ್ಯಾಮೆರಾದಲ್ಲಿ ಅದರಿಂದ ಇನ್ನೇನೂ ದೊಡ್ಡ ಉಪಯೋಗ ಇಲ್ಲ.

ಮಧ್ಯಾಹ್ನದ ಬಿಸಿಲು, ಕನೆಹಲಗೆ ವಿಭಾಗ. ಇಲ್ಲಿ ಓಟಕ್ಕಿಂತ ನೀರು ಎಷ್ಟು ಎತ್ತರ ಚಿಮ್ಮಿತು ಅನ್ನೋದೇ ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಹಿಂದಿನ ಜನಜಂಗುಳಿ ಮಸುಕಾಗಲಿ ಅಂತ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 2.8ರಲ್ಲಿ ಇಟ್ಟೆ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಪರದೆಯೆಲ್ಲ ಬೆಳ್ಳಗಾಯಿತು. ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು ಕಡಿಮೆಯಾಗಲಿ ಅಂತ ಶಟರ್ ಸ್ಪೀಡ್ ಏರಿಸುತ್ತಾ ಹೋದೆ. 1/3200 ಸೆಕೆಂಡಿನಲ್ಲಿ ಸರಿಹೋಯಿತು.

ಸಂಜೆ ಕೋಣಗಳ ಯಜಮಾನರಿಗೆ ಆ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು. "ಇದೆಂತ ಮಾರಾಯ, ನೀರು ಎಲ್ಲಿ? ಜಲ್ಲಿ ಎರಚಿದ ಹಾಗೆ ಉಂಟಲ್ಲ!"

ಸರಿಯಾಗೇ ಹೇಳಿದ್ದರು. ಒಂದೊಂದು ಹನಿಯೂ ಕಲ್ಲಿನ ಹಾಗೆ ಗಾಳಿಯಲ್ಲಿ ನಿಂತಿತ್ತು. ಕೋಣದ ಕಾಲು ತಟ್ ತಟ್ ಅಂತ ನೆಗೆಯುತ್ತಿತ್ತು. ಸೆಕೆಂಡಿಗೆ 25 ಫ್ರೇಮ್ ಹಿಡಿಯುವಾಗ ಶಟರ್ 1/50ರ ಆಸುಪಾಸಿನಲ್ಲಿದ್ದರೆ ಪ್ರತಿ ಫ್ರೇಮಿನಲ್ಲೂ ಚಲನೆ ಸ್ವಲ್ಪ ಎಳೆದುಕೊಳ್ಳುತ್ತದೆ. ನೀರು ನೀರಾಗಿ ಕಾಣೋದು ಆ ಎಳೆತದಿಂದಲೇ.

ಹಾಗಂತ ಅಪರ್ಚರ್ ಮುಚ್ಚಿ ನೋಡಿದೆ. ಆ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಶಟರ್ 1/50 ಅಂದರೆ ಸುಮಾರು ಎಫ್ 22 ಬೇಕು. ಕಿಂಡಿ ಅಷ್ಟು ಸಣ್ಣದಾದಾಗ ಚಿತ್ರದ ಹರಿತ ಹೋಗಿ ಮೆತ್ತಗಾಯಿತು. ಸಾಲದ್ದಕ್ಕೆ ಸೆನ್ಸರ್ ಮೇಲಿನ ಧೂಳಿನ ಕಣ ಆಕಾಶದಲ್ಲಿ ಕಾಗೆಯ ಹಾಗೆ ಕೂತಿತ್ತು, ಎಲ್ಲ ಶಾಟಿನಲ್ಲೂ ಅದೇ ಜಾಗದಲ್ಲಿ.

ಉಳಿದದ್ದು ಎನ್‌ಡಿ ಫಿಲ್ಟರ್. ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸ್ ಅಂದುಕೊಳ್ಳಿ. ಲೆಕ್ಕ ಸುಲಭ: ಎಫ್ 22ರಿಂದ 2.8ಕ್ಕೆ ಆರು ಸ್ಟಾಪ್, ಪ್ರತಿ ಸ್ಟಾಪಿಗೂ ಬೆಳಕು ಎರಡು ಪಟ್ಟು. ಆರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 64. ಬೇಕಾದದ್ದು ಎನ್‌ಡಿ 64, ಅಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವಂಥದ್ದು. ಲಾಗ್ ಮೋಡಿನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಾಸಲಾಗಿ ಹಿಡಿಯುವ ಬಗೆ) ಐಎಸ್‌ಒ 800ರಿಂದಲೇ ಶುರುವಾಗುವ ಕ್ಯಾಮೆರಾ ಆದರೆ ಇನ್ನೂ ಮೂರು ಸ್ಟಾಪ್ ಜಾಸ್ತಿ ಬೇಕಾಗುತ್ತದೆ.

ನಾನು ಮಾತ್ರ ಆಸೆಪಟ್ಟು ಅಗ್ಗದ ವೇರಿಯಬಲ್ ಎನ್‌ಡಿ ಕೊಂಡೆ. ತಿರುಗಿಸಿದಷ್ಟೂ ಕಪ್ಪಾಗುತ್ತದೆ, ಒಂದೇ ಸಾಕಲ್ವಾ ಅಂತ. ಒಳಗಿರೋದು ಎರಡು ಪೋಲರೈಸರ್ ಗಾಜು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಟ್ಟು ಪ್ರತಿಫಲನದ ಹೊಳಪು ತಗ್ಗಿಸುವ ಗಾಜು. ಪೂರ್ತಿ ತಿರುಗಿಸಿದರೆ ವೈಡ್ ಲೆನ್ಸಿನಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಿತ್ತು. ಕರಿ ಕೋಣ ಚಹಾ ಬಣ್ಣಕ್ಕೆ ತಿರುಗಿತು. ಎಲ್ಲಕ್ಕಿಂತ ಬೇಜಾರಾದದ್ದು ಪ್ಯಾನ್ ಮಾಡುವಾಗ. ಕೋಣಗಳ ಹಿಂದೆ ಕ್ಯಾಮೆರಾ ತಿರುಗಿಸಿದಂತೆ ಸೂರ್ಯನ ದಿಕ್ಕು ಬದಲಾಗಿ, ಒಂದೇ ಓಟದಲ್ಲಿ ಆಕಾಶ ತಿಳಿ ನೀಲಿಯಿಂದ ಕಡು ನೀಲಿಗೆ ಹೋಯಿತು. ಎಡಿಟಿಂಗ್‌ನಲ್ಲಿ ಅದನ್ನು ಸರಿಮಾಡಲು ಕೂತು ಎರಡು ರಾತ್ರಿ ಹಾಳು.

ಬರೀ ಪೋಲರೈಸರನ್ನೂ ಹಾಕಿ ನೋಡಿದ್ದೇನೆ. ಹೊಳೆಯ ದಂಡೆಯಲ್ಲಿ ಅದು ಚೆಂದ, ನೀರಿನ ತಳದ ಕಲ್ಲು ಕಾಣುತ್ತದೆ. ಇಲ್ಲಿ ಒದ್ದೆ ಬೆನ್ನಿನ ಹೊಳಪನ್ನೇ ನುಂಗಿತು. ಆ ಮಿರಮಿರ ಹೋದ ಮೇಲೆ ಕಂಬಳದ ಕೋಣದಲ್ಲಿ ಇನ್ನೇನು ಉಳಿಯಿತು? ತೆಗೆದು ಬ್ಯಾಗಿಗೆ ಹಾಕಿದೆ.

ಈಗ ಇರೋದು 77 ಎಂಎಂ ಅಳತೆಯ ಸಾದಾ ಎನ್‌ಡಿಗಳು. ಸಣ್ಣ ಬಾಯಿಯ ಲೆನ್ಸಿಗೆ ಅದೇ ದೊಡ್ಡ ಫಿಲ್ಟರ್ ಕೂರಿಸುವ ಬಳೆ, ಸ್ಟೆಪ್ ಅಪ್ ರಿಂಗ್. ಕೆಸರಿನ ಹರಳು ಫಿಲ್ಟರಿನ ತಿರುಪಿನಲ್ಲಿ ಸಿಕ್ಕಿ ಫಿಲ್ಟರ್ ಬಿಗಿದುಕೊಂಡರೆ ಜೋರಾಗಿ ಹಿಂಡಬೇಡಿ, ಇನ್ನೂ ಕಚ್ಚುತ್ತದೆ. ಅಂಚಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮೆಲ್ಲಗೆ ತಿರುಗಿಸಿ. ಕತ್ತಲಾಗಿ ದೀಪ ಹಚ್ಚಿದ ಮೇಲೆ ಫಿಲ್ಟರ್ ತೆಗೆಯಲು ಮರೆಯಬೇಡಿ. ನಾನು ಒಮ್ಮೆ ಮರೆತು, ಐಎಸ್‌ಒ ಏರಿಸಿ ಏರಿಸಿ ರವೆ ಉದುರಿಸಿದಂಥ ವಿಡಿಯೊ ತಂದಿದ್ದೇನೆ.

ಎನ್‌ಡಿ 64 ಹಾಕಿ ತೆಗೆದದ್ದನ್ನು ಮತ್ತೆ ಅದೇ ಯಜಮಾನರಿಗೆ ತೋರಿಸಿದೆ. "ನೀರು ಸರಿ ಉಂಟು. ನಿಶಾನೆ ಎಲ್ಲಿ?" ಅಂದರು. ಎಫ್ 2.8ರಲ್ಲಿ ಅದೂ ಮಸುಕಾಗಿ ಮಾಯ! ಹಾಗಾಗಿ ಕನೆಹಲಗೆಗೆ ಈಗ ಎಫ್ 5.6, ಎನ್‌ಡಿ 16.